ಎಸರಿನ ಕುದಿ

ಬಾವಿಯಲ್ಲಿದ್ದಾಗ ನೀರು, ಪಾತ್ರೆಗೆ ಬಂದು, ಒಲೆಯೇರಿ, ಅಕ್ಕಿಯ ದಾರಿ ಕಾಯುತ್ತ ಕುಳಿತಾಗ ಎಸರು. ನಮ್ಮ ಭಾಷೆ ಇವೆರಡನ್ನೂ ಬೇರೆ ಬೇರೆ ವಸ್ತುಗಳೆಂಬಂತೆ ಬೇರೆ ಬೇರೆ ಹೆಸರಿನಿಂದ ಕರೆದಿದೆ. ಎಸರು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಕಾಯುತ್ತದೆ, ತಳದಲ್ಲಿ ಸಣ್ಣಗೆ ಸದ್ದು ಹೊರಡಿಸುತ್ತದೆ, ಕೊನೆಗೆ ಮರಳುತ್ತದೆ. ನನ್ನ ತಾಯಿ ಬಳಸುತ್ತಿದ್ದ ಮಾತು ಅದೇ: ಎಸರು ಮರಳಿತು. 'ಕುದಿ' ಎಂಬ ಮಾತನ್ನು ಅವರು ಮನಸ್ಸಿನ ಸಂಕಟಕ್ಕೆ ಮೀಸಲಾಗಿಟ್ಟಿದ್ದರು; ಹಳಗನ್ನಡದಲ್ಲಿಯೂ ಆ ಮಾತಿಗೆ ಆ ಅರ್ಥವುಂಟು. ಇಂಥ ಪದಗಳ ಅರ್ಥಚ್ಛಾಯೆಗಳನ್ನು ವಿವರಿಸುತ್ತಲೇ ಮೂವತ್ತು ವರ್ಷಗಳಿಗೂ ಮೀರಿ ಸಂಬಳ ಪಡೆದ ನನಗೆ, ಎಸರು ಮರಳಲು ಎಷ್ಟು ಉಷ್ಣತೆ ಬೇಕು ಎಂಬ ಪ್ರಶ್ನೆ ಇಪ್ಪತ್ತೆಂಟನೆಯ ವಯಸ್ಸಿನವರೆಗೆ ಹೊಳೆದಿರಲೇ ಇಲ್ಲ. ಯಾರಾದರೂ ಕೇಳಿದ್ದರೆ, ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ನೆನೆದು, ನೂರು ಡಿಗ್ರಿ ಎಂದು ಹೇಳಿ ಮುಗಿಸುತ್ತಿದ್ದೆ.

1987ರ ಜೂನ್ ತಿಂಗಳಿನಲ್ಲಿ ನನಗೆ ಮಂಗಳೂರಿನಿಂದ ಮಡಿಕೇರಿಯ ಕಾಲೇಜೊಂದಕ್ಕೆ ವರ್ಗವಾಯಿತು. ಆಗ ನನಗೆ ಮದುವೆಯಾಗಿ ಒಂದು ವರ್ಷ. ತಾಯಿಯವರು ಜೊತೆಯಲ್ಲಿದ್ದರು. ಮಂಗಳೂರಿನಲ್ಲಿ ಅಡುಗೆಯೆಲ್ಲ ಅವರದೇ. ಮಡಿಕೇರಿಯ ಮಳೆಗೂ ಚಳಿಗೂ ಮಂಡಿನೋವು ಹೆಚ್ಚಾದುದರಿಂದ ಒಲೆಯನ್ನು ಸೊಸೆಗೆ ಒಪ್ಪಿಸಿ, ತಾವು ಬಾಗಿಲ ಬಳಿ ಮಣೆ ಹಾಕಿಕೊಂಡು ಕುಳಿತರು. ನಮ್ಮ ಮನೆಯಲ್ಲಿ ಕುಚ್ಚಲಕ್ಕಿಯ ಊಟ. ಊರಿನಿಂದ ತಂದಿದ್ದ ಅದೇ ಮೂಟೆಯ ಅಕ್ಕಿ, ಅದೇ ಹಿತ್ತಾಳೆಯ ಚರಿಗೆ. ಮಂಗಳೂರಿನಲ್ಲಿ ಒಂದು ಗಂಟೆಯಲ್ಲಿ ಅರಳುತ್ತಿದ್ದ ಅಕ್ಕಿ ಇಲ್ಲಿ ಒಂದು ಗಂಟೆ ಕಳೆದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತಿತ್ತು. ತೊಗರಿಬೇಳೆಯ ಪಾಡೂ ಅದೇ. ಅಕ್ಕಿ ಅದೇ, ಪಾತ್ರೆ ಅದೇ. ಬದಲಾದುದು ಅಡುಗೆಯ ಕೈ ಒಂದೇ ಎಂದು ತಾಯಿಯವರಿಗೆ ತೋರಿದ್ದರಲ್ಲಿ ತರ್ಕದ ದೋಷವೇನೂ ಇರಲಿಲ್ಲ.

"ಬೆಂಕಿ ಸಾಲದು, ಊದು" ಎನ್ನುತ್ತಿದ್ದರು ಅವರು. ಆಕೆ ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಊದುಗೊಳವೆಯಲ್ಲಿ ಊದುತ್ತಿದ್ದಳು. ಉರಿ ಭಗ್ಗನೆ ಏಳುತ್ತಿತ್ತು, ಎಸರು ಚರಿಗೆಯ ಮುಚ್ಚಳವನ್ನು ಎತ್ತಿ ಕುಣಿಸುತ್ತಿತ್ತು, ಅಕ್ಕಿ ಮಾತ್ರ ಬೇಯುತ್ತಿರಲಿಲ್ಲ. ಒಂದು ದಿನ ಕಾಲೇಜಿಗೆ ಹೊತ್ತಾದ ಸಿಟ್ಟಿನಲ್ಲಿ ನಾನೂ, "ಅನ್ನ ಮಾಡುವುದಕ್ಕೂ ಬರುವುದಿಲ್ಲವೇ?" ಎಂದುಬಿಟ್ಟೆ. ಆಕೆ ಏನೋ ಉತ್ತರ ಹೇಳಿದಳು. ನಾನು ಕೊಡೆ ಬಿಚ್ಚುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ನನ್ನ ಬುತ್ತಿಯಲ್ಲಿದ್ದ ಅನ್ನವನ್ನು ನೋಡಿ ನಿಜವನ್ನು ಊಹಿಸಿದವರು ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಸಹೋದ್ಯೋಗಿ. "ಇದು ನಿಮ್ಮ ಮನೆಯವರ ತಪ್ಪಲ್ಲ ಮೇಷ್ಟ್ರೇ, ಊರಿನ ತಪ್ಪು. ಭಾನುವಾರ ಬರುತ್ತೇನೆ, ಎಸರಿಟ್ಟಿರಲು ಹೇಳಿ" ಎಂದರು. ಹೇಳಿದಂತೆ, ಕೊಡೆಯ ಕೆಳಗೆ ಒಂದು ಉಷ್ಣಮಾಪಕವನ್ನೂ ಗುಂಡು ತಳದ ಒಂದು ಗಾಜಿನ ಫ್ಲಾಸ್ಕನ್ನೂ ಜೋಪಾನವಾಗಿ ಹಿಡಿದುಕೊಂಡು ಬಂದರು. ಮರಳುತ್ತಿದ್ದ ಎಸರಿನ ಆವಿಗೆ ಉಷ್ಣಮಾಪಕವನ್ನು ಹಿಡಿದಾಗ ಪಾದರಸ 96ನ್ನು ತುಸು ದಾಟಿ ನಿಂತಿತು. ಸೌದೆ ತುಂಬಿದೆವು, ಅಲ್ಲಿಯೇ ನಿಂತಿತ್ತು. ಇನ್ನೂ ಊದಿದೆವು, ಕದಲಲಿಲ್ಲ.

ನೀರು ಕುದಿಯುವುದೆಂದರೇನು ಎಂಬುದನ್ನು ಅಂದು ಅವರು ನನಗೆ ತಿಳಿಸಿದ ಕ್ರಮದಲ್ಲಿಯೇ ಹೇಳುತ್ತೇನೆ. ನೀರಿನ ಅಣುಗಳು ಎಂದೂ ಸುಮ್ಮನಿರುವುದಿಲ್ಲ. ಚುರುಕಾದ ಕೆಲವು ಅಣುಗಳು ಮೇಲ್ಮೈಯಿಂದ ಹಾರಿ ಹೊರಗೆ ಹೋಗುತ್ತಲೇ ಇರುತ್ತವೆ. ಹಗ್ಗದ ಮೇಲಿನ ಒದ್ದೆ ಬಟ್ಟೆ ಒಣಗುವುದು ಹೀಗೆಯೇ. ಹೀಗೆ ಹೊರಬೀಳುವ ಆವಿಗೆ ತನ್ನದೇ ಆದ ಒತ್ತಡವುಂಟು; ನೀರು ಬಿಸಿಯಾದಂತೆ ಅದು ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಪಾದರಸದ ಸುಮಾರು 17 ಮಿಲಿಮೀಟರ್ ಎತ್ತರದ ಕಂಬವನ್ನು ಮಾತ್ರ ಹೊರಬಲ್ಲುದು. 60 ಡಿಗ್ರಿಯಲ್ಲಿ 149 ಮಿಲಿಮೀಟರ್. 100 ಡಿಗ್ರಿಯಲ್ಲಿ 760 ಮಿಲಿಮೀಟರ್. ಇತ್ತ ನೀರಿನ ತಲೆಯ ಮೇಲೆ ಇಡೀ ವಾಯುಮಂಡಲ ಕುಳಿತಿದೆ. ಸಮುದ್ರಮಟ್ಟದಲ್ಲಿ ಅದರ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ, ಎಂದರೆ ಅದೇ 760 ಮಿಲಿಮೀಟರ್ ಪಾದರಸದಷ್ಟು. ನೀರಿನ ಒಡಲಿನಲ್ಲಿ ಆವಿಯ ಗುಳ್ಳೆಯೊಂದು ಹುಟ್ಟಿ ಬದುಕಿ ಮೇಲೇರಬೇಕಾದರೆ ಅದರ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಗಬೇಕು. ಅದಕ್ಕೆ ಮೊದಲು ಹುಟ್ಟಿದ ಗುಳ್ಳೆಗಳೆಲ್ಲ ಮೇಲಿನ ತಂಪು ನೀರನ್ನು ತಾಕಿ ಕುಸಿಯುತ್ತವೆ. ಎಸರು ಮರಳುವ ಮುನ್ನ ಕೇಳುವ ಸದ್ದು ಹೀಗೆ ಕುಸಿದ ಗುಳ್ಳೆಗಳದ್ದು. ಎರಡು ಒತ್ತಡಗಳೂ ಸಮನಾದ ಕ್ಷಣದಲ್ಲಿ ನೀರು ಕುದಿಯುತ್ತದೆ. ಆದ್ದರಿಂದ ಕುದಿಯುವ ಬಿಂದು ನೀರೊಂದರದೇ ಗುಣವಲ್ಲ. ನೀರಿಗೂ ಅದರ ಮೇಲಿನ ಗಾಳಿಗೂ ನಡುವೆ ಆದ ಒಪ್ಪಂದ.

ಎತ್ತರಕ್ಕೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒಪ್ಪಂದ ಸುಲಭವಾಗುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುವುದೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಮಂಗಳೂರಿನಲ್ಲಿ ನೂರು, ಮೈಸೂರಿನಲ್ಲಿ ತೊಂಬತ್ತೇಳೂವರೆ, ಬೆಂಗಳೂರಿನಲ್ಲಿ 97, ನಂದಿಬೆಟ್ಟದ ಮೇಲೆ 95, ಉದಕಮಂಡಲದಲ್ಲಿ 93ಕ್ಕೂ ಕಡಿಮೆ, ಲಡಾಖಿನ ಲೇಹ್‌ನಲ್ಲಿ 88ರ ಸುಮಾರು, ಎವರೆಸ್ಟಿನ ನೆತ್ತಿಯಲ್ಲಿ 71. ಇನ್ನೂ ಮೇಲಕ್ಕೆ, ನೆಲದಿಂದ 19 ಕಿಲೋಮೀಟರ್ ಎತ್ತರದಲ್ಲಿ, ನೀರು 37 ಡಿಗ್ರಿಯಲ್ಲಿ, ಎಂದರೆ ನಮ್ಮ ಮೈಯ ಬಿಸಿಯಲ್ಲಿಯೇ ಕುದಿಯುತ್ತದೆ. ಅಲ್ಲಿ ಒತ್ತಡದ ಉಡುಪಿಲ್ಲದ ಮನುಷ್ಯನ ನಾಲಗೆಯ ಮೇಲಿನ ತೇವವೇ ಕುದಿಯಬೇಕಾಗುತ್ತದೆ. ಹವೆಯೂ ತುಸು ಕೈಯಾಡಿಸುವುದುಂಟು. ವಾಯುಭಾರ ಕುಸಿದ ಮಳೆಗಾಲದ ದಿನ ಎಸರು ಒಂದು ಡಿಗ್ರಿಯ ಕಾಲು ಭಾಗದಷ್ಟು ಮೊದಲೇ ಮರಳೀತು. ಅದು ಅಡುಗೆಯವರಿಗೆ ತಿಳಿಯುವಷ್ಟಲ್ಲ.

ನಾಲ್ಕು ಡಿಗ್ರಿಯ ವ್ಯತ್ಯಾಸವೇನು ಮಹಾ ಎಂದು ನಾನೂ ಕೇಳಿದೆ. ಬೇಯುವುದೆಂದರೆ ಒಂದು ರಾಸಾಯನಿಕ ಕ್ರಿಯೆ. ಹತ್ತು ಡಿಗ್ರಿ ತಗ್ಗಿದರೆ ಅದಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ರೂಢಿಯ ಲೆಕ್ಕ. ಅದರಂತೆ ನಾಲ್ಕು ಡಿಗ್ರಿ ತಗ್ಗಿದರೆ ಮೂರನೆಯ ಒಂದು ಪಾಲು ಹೊತ್ತು ಹೆಚ್ಚು ಬೇಕು. ಒಂದು ಗಂಟೆಯ ಕುಚ್ಚಲಕ್ಕಿಗೆ ಒಂದು ಗಂಟೆ ಇಪ್ಪತ್ತು ನಿಮಿಷ.

ಊದುವುದರಿಂದ ಏಕೆ ಪ್ರಯೋಜನವಾಗಲಿಲ್ಲ ಎಂಬುದು ನನ್ನನ್ನು ಹೆಚ್ಚು ಬಾಧಿಸಿತು. ಕುದಿಯಲು ತೊಡಗಿದ ಮೇಲೆ ನೀರು ತಾನು ಪಡೆದ ಉಷ್ಣವನ್ನೆಲ್ಲ ಆವಿಯಾಗುವುದಕ್ಕೇ ವೆಚ್ಚ ಮಾಡುತ್ತದೆ, ಬಿಸಿಯೇರುವುದಕ್ಕಲ್ಲ. ಒಂದು ಗ್ರಾಂ ತಣ್ಣೀರನ್ನು 20ರಿಂದ 100 ಡಿಗ್ರಿಗೆ ಏರಿಸಲು 80 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಕುದಿನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಕೆಳಗೆ ಸಣ್ಣ ಉರಿಯಿರಲಿ, ಹೋಮಕುಂಡದಂಥ ಉರಿಯಿರಲಿ, ತೆರೆದ ಪಾತ್ರೆಯ ಕುದಿನೀರಿನ ಬಿಸಿ ಒಂದೇ. ದೊಡ್ಡ ಉರಿಯಿಂದ ನೀರು ಬೇಗ ಇಂಗುತ್ತದೆ, ಅಷ್ಟೆ. ಮೂರು ತಿಂಗಳು ಆಕೆ ಹೊಗೆ ಕುಡಿದು ಊದಿದುದೆಲ್ಲ ಮಡಿಕೇರಿಯ ಮೋಡಗಳಿಗೆ ಇನ್ನಷ್ಟು ಆವಿಯನ್ನು ಸೇರಿಸುವುದಕ್ಕೆ ಸಂದಿತು.

ತಪ್ಪನ್ನು ಬೇರೊಬ್ಬರ ಮೇಲೆ ಹೊರಿಸಿದವರು ನಾವು ಮಾತ್ರವೇ ಅಲ್ಲ. 1835ರ ಮಾರ್ಚ್ ತಿಂಗಳಿನಲ್ಲಿ ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳನ್ನು ದಾಟುತ್ತಿದ್ದಾಗ ಎತ್ತರದ ಬಿಡಾರವೊಂದರಲ್ಲಿ ಆಲೂಗೆಡ್ಡೆ ಬೇಯಲಿಲ್ಲ. ಪಾತ್ರೆಯನ್ನು ರಾತ್ರಿಯೆಲ್ಲ ಒಲೆಯ ಮೇಲೆಯೇ ಬಿಟ್ಟು ಬೆಳಗ್ಗೆ ಮತ್ತೆ ಕುದಿಸಿದರೂ ಗೆಡ್ಡೆಗಳು ಗಟ್ಟಿಯಾಗಿಯೇ ಇದ್ದವು. ಅವನ ಇಬ್ಬರು ಜೊತೆಗಾರರು ತಮ್ಮೊಳಗೆ ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದರಂತೆ: ಈ ಹಾಳು ಪಾತ್ರೆ ಹೊಸದು, ಇದಕ್ಕೆ ಆಲೂಗೆಡ್ಡೆ ಬೇಯಿಸಲು ಮನಸ್ಸಿಲ್ಲ. ಡಾರ್ವಿನ್ ತನ್ನ ಪ್ರವಾಸಕಥನದಲ್ಲಿ ಇದನ್ನು ನಗುತ್ತಲೇ ಬರೆದಿದ್ದಾನೆ. ಅವರ ಪಾತ್ರೆ ಹೊಸದು, ನಮ್ಮ ಮನೆಯಲ್ಲಿ ಸೊಸೆ ಹೊಸಬಳು. ಪಾತ್ರೆಗೆ ಕಣ್ಣೀರು ಬರುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಫ್ಲಾಸ್ಕಿನ ಸಂಗತಿಗೆ ಬರುತ್ತೇನೆ. ಮೇಷ್ಟ್ರು ಅದರಲ್ಲಿ ಅರ್ಧ ನೀರು ತುಂಬಿ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಬಿಗಿಯಾಗಿ ಬಿರಡೆ ಹಾಕಿ, ತಲೆಕೆಳಗು ಮಾಡಿ ಹಿಡಿದರು. ಕುದಿ ನಿಂತಿತ್ತು. ಮೇಲಿನಿಂದ ಒಂದು ಲೋಟ ತಣ್ಣೀರು ಸುರಿಯುವಂತೆ ನನ್ನ ತಾಯಿಯವರನ್ನೇ ಕೇಳಿಕೊಂಡರು. ತಾಯಿಯವರು ಸುರಿದರು. ಒಳಗಿನ ನೀರು ಕೊತಕೊತನೆ ಕುದಿಯತೊಡಗಿತು. "ತಣ್ಣೀರು ಹೊಯ್ದರೆ ಮರಳುವುದುಂಟಾ?" ಎಂದು ತಾಯಿಯವರು ಲೋಟವನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. ಕಾರಣ ಇಷ್ಟೆ: ಫ್ಲಾಸ್ಕಿನೊಳಗೆ ಗಾಳಿಯಿಲ್ಲ, ಗಾಳಿಯನ್ನು ಹೊರದೂಡಿದ ಆವಿ ಮಾತ್ರ ಇದೆ, ತಣ್ಣೀರು ತಾಗಿದಾಗ ಆ ಆವಿ ನೀರಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಕುಸಿಯುತ್ತದೆ, ಎಂಬತ್ತೋ ಎಪ್ಪತ್ತೋ ಡಿಗ್ರಿಗೆ ಇಳಿದಿದ್ದ ನೀರಿಗೆ ಅಷ್ಟು ಬಿಸಿಯೇ ಕುದಿಯಲು ಸಾಕಾಗುತ್ತದೆ. ತಾಯಿಯವರು ಮತ್ತೆರಡು ಲೋಟ ಸುರಿಸಿ ನೋಡಿದರು.

ಒತ್ತಡ ಇಳಿದಾಗ ಹೀಗಾದರೆ, ಏರಿಸಿದಾಗ ಇದರ ತಿರುವು. ಫ್ರಾನ್ಸ್ ದೇಶದ ಡೆನಿಸ್ ಪಾಪಿನ್ ಎಂಬಾತ 1679ರಲ್ಲಿ ಲಂಡನ್ನಿನಲ್ಲಿ ಮುಚ್ಚಳ ಬಿಗಿದ ಒಂದು ಪಾತ್ರೆಯನ್ನು ತೋರಿಸಿದ. ಆವಿ ಹೊರಹೋಗದೆ ಒಳಗೇ ಒತ್ತಡವನ್ನು ಬೆಳೆಸುತ್ತದೆ, ನೀರು ನೂರರ ಮೇಲೆ ಬಿಸಿಯೇರುತ್ತದೆ, ಮೂಳೆಗಳೂ ಮೆತ್ತಗಾಗುತ್ತವೆ. ಒತ್ತಡ ಮಿತಿಮೀರಿ ಪಾತ್ರೆ ಸಿಡಿಯದಂತೆ ಅವನೇ ಒಂದು ರಕ್ಷಾಕವಾಟವನ್ನೂ ಕಲ್ಪಿಸಿದ. ರಾಯಲ್ ಸೊಸೈಟಿಯ ಸದಸ್ಯರು 1682ರಲ್ಲಿ ಆ ಪಾತ್ರೆಯ ಅಡುಗೆಯನ್ನು ಉಂಡು ಮೆಚ್ಚಿದರು. ನಮ್ಮ ಇಂದಿನ ಪ್ರೆಷರ್ ಕುಕ್ಕರು ಅದರ ಮರಿಮಗಳು. ಅದರ ತಲೆಯ ಮೇಲಿನ ತೂಕ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಷ್ಟು ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುತ್ತದೆ. ಅದನ್ನು ಮೀರಿದಾಗ ಎದ್ದು ಸೀಟಿ ಹಾಕುತ್ತದೆ. ಸಮುದ್ರಮಟ್ಟದಲ್ಲಿ ಒಳಗಿನ ನೀರು 120 ಡಿಗ್ರಿ ಮುಟ್ಟುತ್ತದೆ. ಮಡಿಕೇರಿಯಲ್ಲಿ 118, ತೂಕ ತಡೆಯುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರವಾದ್ದರಿಂದ ಊರಿನ ಕೊರತೆ ಅಲ್ಲಿಯೂ ಸ್ವಲ್ಪ ಉಳಿದೇ ಉಳಿಯುತ್ತದೆ. ಆಸ್ಪತ್ರೆಗಳಲ್ಲಿ ಕತ್ತರಿ ಚಿಮುಟಗಳನ್ನು 121 ಡಿಗ್ರಿಯ ಹಬೆಯಲ್ಲಿ ಹದಿನೈದು ನಿಮಿಷ ಇಡುವ ಯಂತ್ರವೂ ಇದೇ ಕುಟುಂಬದ್ದು. ಬರಿಯ ಕುದಿನೀರಿಗೆ ಸಾಯದ ಬೀಜರೂಪದ ಸೂಕ್ಷ್ಮಜೀವಿಗಳು ಅಲ್ಲಿ ಸಾಯುತ್ತವೆ.

ಹಾಗಾದರೆ ಬೆಟ್ಟದೂರಿನ ಕುದಿಸಿದ ನೀರನ್ನು ನಂಬಿ ಕುಡಿಯಬಹುದೇ ಎಂಬ ಸಂದೇಹ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಕುಡಿಯಬಹುದು. ವಾಂತಿಭೇದಿ, ವಿಷಮಶೀತಜ್ವರಗಳನ್ನು ತರುವ ಜೀವಿಗಳು ನೂರಕ್ಕೆ ಎಷ್ಟೋ ಕೆಳಗೇ ಸಾಯುತ್ತವೆ. ನೀರು ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ, ಎರಡು ಸಾವಿರ ಮೀಟರಿಗೂ ಮೇಲಿನ ಊರುಗಳಲ್ಲಿ ಮೂರು ನಿಮಿಷ ಬಿಡಬೇಕೆಂಬುದು ವೈದ್ಯಕೀಯದ ಸಲಹೆ.

ನೀರಿನಲ್ಲಿ ಏನಾದರೂ ಕರಗಿದ್ದರೂ ಕುದಿಯುವ ಬಿಂದು ಬದಲಾಗುತ್ತದೆ. ಕರಗಿದ ವಸ್ತುವಿನ ಕಣಗಳು ನಡುವೆ ಸೇರಿಕೊಂಡಾಗ ಹೊರಹಾರುವ ನೀರಿನ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಒತ್ತಡ ಸಮನಾಗಲು ಇನ್ನಷ್ಟು ಬಿಸಿ ಬೇಕಾಗುತ್ತದೆ. ಉಪ್ಪು ಹಾಕಿದರೆ ಬೇಗ ಬೇಯುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಒಂದು ಲೀಟರ್ ನೀರಿಗೆ 58 ಗ್ರಾಂ ಉಪ್ಪು ಹಾಕಿದರೆ ಒಂದು ಡಿಗ್ರಿ ಏರುತ್ತದೆ; ಅಂಥ ಸಾರನ್ನು ಉಣ್ಣುವವರು ಯಾರು? ಒಂದು ಚಮಚೆಗೆ ಆಗುವ ಏರಿಕೆ ಡಿಗ್ರಿಯ ಹತ್ತನೆಯ ಒಂದು ಪಾಲು. ಸಕ್ಕರೆಯ ವಿಷಯ ಬೇರೆ, ಅದು ನೀರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಕರಗಬಲ್ಲುದು. ಮಂಡ್ಯದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ನೋಡಿದವರಿಗೆ ಇದು ಗೊತ್ತು. ಕಬ್ಬಿನ ಹಾಲು ಮೊದಲು ನೀರಿನಂತೆಯೇ ಕುದಿಯುತ್ತದೆ. ನೀರು ಆರಿದಂತೆ ಉಳಿದ ಪಾಕದ ಕುದಿಯುವ ಬಿಂದು ಏರುತ್ತ ಏರುತ್ತ ಹೋಗಿ, ಬೆಲ್ಲದ ಹದ ಬರುವ ಹೊತ್ತಿಗೆ 118 ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ಗುಳ್ಳೆಗಳ ರೂಪವೂ ಸದ್ದೂ ಬದಲಾಗುತ್ತವೆ. ಹದ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆಗಟ್ಟಿ ನೋಡುತ್ತಾನೆ. ಅವನ ಬೆರಳು ಉಷ್ಣಮಾಪಕದ ಕೆಲಸವನ್ನೇ ಮಾಡುತ್ತಿದೆ. ನಮ್ಮ ಮನೆಗಳ ಎಳೆ ಪಾಕ, ಉಂಡೆ ಪಾಕ ಎಂಬ ಮಾತುಗಳೂ ಉಷ್ಣತೆಯ ಹೆಸರುಗಳೇ. ಅವುಗಳನ್ನು ಸೃಷ್ಟಿಸಿದ ಹೆಂಗಸರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಪಾತ್ರೆಯ ಪಾತ್ರವೂ ಇದೆ. ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು: ತಳದ ಒಂದು ಗೀರು, ಅದರಲ್ಲಿ ಅಡಗಿದ ಚೂರು ಗಾಳಿ. ನುಣುಪಾದ ಗಾಜಿನಲ್ಲಿ ಇಂಥ ನೆಲೆಗಳು ಕಡಿಮೆ. ಲೋಹದ ಪಾತ್ರೆಯಲ್ಲಿ ನೂರಕ್ಕೆ ಕುದಿಯುವ ನೀರು ಗಾಜಿನಲ್ಲಿ ನೂರೊಂದನ್ನು ದಾಟುತ್ತದೆಂದು ಫ್ರಾನ್ಸಿನ ಗೇ-ಲುಸ್ಸಾಕ್ ಕಂಡ. ಅವನಿಗೂ ಹಿಂದೆ ಜಿನೀವಾದ ದೆ ಲುಕ್ ಎಂಬಾತ, ನೀರಿನಲ್ಲಿ ಕರಗಿದ ಗಾಳಿಯನ್ನು ಹೊರಡಿಸಬೇಕೆಂದು ನೀರು ತುಂಬಿದ ಸೀಸೆಯನ್ನು ನಾಲ್ಕು ವಾರ ಕುಲುಕಿದ. ಆ ನೀರು 112 ಡಿಗ್ರಿಯವರೆಗೆ ಕುದಿಯದೆ ಏರಿ, ಬಳಿಕ ಸ್ಫೋಟಿಸಿದಂತೆ ಕುದಿಯಿತು. ಇದನ್ನೆಲ್ಲ ಪಂಡಿತರ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಇಂದಿನ ಮೈಕ್ರೋವೇವ್ ಒಲೆಯಲ್ಲಿ ನುಣುಪು ಬಟ್ಟಲಿನ ನೀರು ಸದ್ದಿಲ್ಲದೆ ನೂರನ್ನು ದಾಟಿ, ಚಮಚೆಯನ್ನೋ ಕಾಫಿ ಪುಡಿಯನ್ನೋ ಹಾಕಿದೊಡನೆ ಮುಖಕ್ಕೆ ಚಿಮ್ಮುವುದುಂಟು. ಮೊದಲೇ ಒಂದು ಮರದ ಕಡ್ಡಿಯನ್ನು ನೀರಿನಲ್ಲಿಟ್ಟರೆ ಗುಳ್ಳೆಗೆ ನೆಲೆ ಸಿಕ್ಕುತ್ತದೆ, ಅಪಾಯ ತಪ್ಪುತ್ತದೆ.

ಊರಿನ ಎತ್ತರ ತಿಳಿದರೆ ನೀರು ಎಷ್ಟಕ್ಕೆ ಕುದಿಯುವುದೆಂದು ಹೇಳಬಹುದಷ್ಟೆ. ಅದನ್ನೇ ತಿರುವಿಹಾಕಿ, ನೀರು ಕುದಿಸಿ ಎತ್ತರವನ್ನು ತಿಳಿದವರೂ ಇದ್ದಾರೆ. ಅವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ನೈನ್ ಸಿಂಗ್, ಕುಮಾವೂನಿನ ಮಿಲಂ ಎಂಬ ಹಳ್ಳಿಯ ಶಾಲಾ ಉಪಾಧ್ಯಾಯ. ಟಿಬೆಟ್ಟಿನೊಳಕ್ಕೆ ಹೊರಗಿನವರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಭಾರತದ ಸರ್ವೇಕ್ಷಣ ಇಲಾಖೆ ಅವನನ್ನು ಯಾತ್ರಿಕನ ವೇಷದಲ್ಲಿ ಕಳುಹಿಸಿತು. ಅವನ ಜಪಮಾಲೆಯಲ್ಲಿದ್ದುದು ನೂರೆಂಟು ಮಣಿಗಳಲ್ಲ, ನೂರು. ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಅಳತೆಯ ಟಿಪ್ಪಣಿಗಳು. ದಂಡದೊಳಗೆ ಉಷ್ಣಮಾಪಕ. ಅವನು 1866ರ ಜನವರಿಯಲ್ಲಿ ಲಾಸಾ ತಲುಪಿದ. ದಾರಿಯುದ್ದಕ್ಕೂ ನೀರು ಕುದಿಸಿ ಪಾದರಸ ನಿಂತಲ್ಲಿಯ ಅಂಕಿಯನ್ನು ಬರೆದಿಟ್ಟುಕೊಂಡ. ಆ ಅಂಕಿಗಳಿಂದ ಲಾಸಾದ ಎತ್ತರವನ್ನು ಗಣಿಸಲಾಯಿತು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಸ್ವರ್ಣಪದಕ ಕೊಟ್ಟಿತು. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿದ್ದ ಕೆಲಸವನ್ನು ಒಬ್ಬ ಮೇಷ್ಟ್ರು ಒಂದು ಪಾತ್ರೆ ನೀರಿನಿಂದ ಸಾಧಿಸಿದನೆಂಬುದು ಮೇಷ್ಟ್ರಾದ ನನಗೆ ಹೆಮ್ಮೆ.

ನೂರು ಎಂಬ ಈ ಸಂಖ್ಯೆಯೂ ಮನುಷ್ಯರ ಕಲ್ಪನೆಯೇ. ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ತನ್ನ ಮಾನವನ್ನು ರಚಿಸಿದಾಗ ಕುದಿಯುವ ಬಿಂದುವಿಗೆ ಸೊನ್ನೆಯನ್ನೂ ಹೆಪ್ಪುಗಟ್ಟುವ ಬಿಂದುವಿಗೆ ನೂರನ್ನೂ ಇಟ್ಟಿದ್ದ, ತಿರುವಿದವರು ಬೇರೆಯವರು. ಆದರೆ ಸಂಖ್ಯೆ ಏನೇ ಇರಲಿ, ನೀರು ಇಷ್ಟು ಬಿಸಿಗೆ ಕುದಿಯುವುದೇ ಒಂದು ಅಚ್ಚರಿ. ಆಮ್ಲಜನಕದ ಬದಲು ಗಂಧಕವಿರುವ ಅದರ ದಾಯಾದಿ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್, ಸೊನ್ನೆಗೂ 60 ಡಿಗ್ರಿ ಕೆಳಗೆ ಕುದಿದು ಅನಿಲವಾಗುತ್ತದೆ. ಅದಕ್ಕಿಂತ ಹಗುರವಾದ ನೀರು ಇನ್ನೂ ಮೊದಲೇ ಹಾರಿಹೋಗಬೇಕಿತ್ತು. ಹೋಗದಿರುವುದು ಅದರ ಅಣುಗಳು ಜಲಜನಕದ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುವುದರಿಂದ. ಆ ಹಿಡಿತವಿಲ್ಲದಿದ್ದರೆ ಕಾವೇರಿಯೂ ಇಲ್ಲ, ಎಸರೂ ಇಲ್ಲ.

ಆ ಭಾನುವಾರದ ಮರುದಿನ ತಾಯಿಯವರು ಬೆಳಗ್ಗೆ ಐದೂವರೆಗೇ ಎದ್ದು, ಮಂಡಿನೋವಿನಲ್ಲಿಯೇ ಒಲೆ ಹೊತ್ತಿಸಿ ತಾವೇ ಎಸರಿಟ್ಟರು. "ಮಗಾ, ನೀನು ಇನ್ನು ಸ್ವಲ್ಪ ಮಲಗು" ಎಂದು ಸೊಸೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಊದುಗೊಳವೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸೀಟಿ ಹಾಕುವ ಪಾತ್ರೆಯ ಅನ್ನ ತಮಗೆ ಸೇರದೆಂದು ಹಿಡಿದಿದ್ದ ಹಟವನ್ನು ಆ ದೀಪಾವಳಿಗೆ ಬಿಟ್ಟರು.

ಈ ಭಾಷಣದ ಕರಡನ್ನು ಮೊನ್ನೆ ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಡಾರ್ವಿನ್ನನ ಪಾತ್ರೆಗೆ ನಕ್ಕಳು. ಒಂದು ಗಂಟೆ ಇಪ್ಪತ್ತು ನಿಮಿಷದ ಲೆಕ್ಕ ಬಂದಾಗ ತಡೆದು, "ಅದನ್ನು ನಾನು ಆ ದಿನವೇ ಹೇಳಿದ್ದೆನಲ್ಲ. ಗಡಿಯಾರ ನೋಡಿ ಇಟ್ಟಿದ್ದೆ, ಇಲ್ಲಿ ಒಂದೂಕಾಲು ಗಂಟೆಯ ಮೇಲೆ ಬೇಕು ಅಂತ. ನೀವು ಕೊಡೆ ಬಿಚ್ಚುತ್ತಿದ್ದಿರಿ" ಎಂದಳು.